ಬೀಪ್ ಒತ್ತುವವಳು

ಮೆಂಫಿಸ್ಸಿನ ಲಮಾರ್ ರಸ್ತೆ, ಹಳೆ ಟೈರಿನಂಗಡಿಯ ಮೇಲೆ
ನಮ್ಮ ರೇಡಿಯೋ. ಎರಡು ಕೋಣೆ, ಒಂದು ಕಕ್ಕಸು,
ಬೇಸಗೆಯಲ್ಲಿ ಮೈಕಿಗೂ ರಬ್ಬರಿನ ವಾಸನೆ.
ಆಡಿದ ಮಾತು ಊರು ಮುಟ್ಟಲು ಏಳು ಸೆಕೆಂಡು.
ಆ ಏಳರೊಳಗೆ ಕೆಟ್ಟದ್ದು ಹುಡುಕಿ
ಕೆಂಪು ಗುಂಡಿ ಒತ್ತುವುದು ನನ್ನ ಅನ್ನ.
ಇಪ್ಪತ್ತಾರು ವರ್ಷ ಒತ್ತಿದೆ.
ನೋಡಿ ಈ ತೋರುಬೆರಳು, ತುಸು ಸೊಟ್ಟ.

ಅವನು ಮೊದಲು ಬಂದಾಗ ಹದಿನೇಳು.
ಡೆಲ್ರಾಯ್ ಪೆಟಿಗ್ರೂ. ಅಪ್ಪ ಛಾವಣಿ ಹೊದಿಸುವವನು,
ಮೊಳೆ ಕಚ್ಚಿಕೊಂಡೇ ಮಗನನ್ನು ಬೈಯುತ್ತಿದ್ದನಂತೆ.
ಮಗ ಮೊಳೆಯ ಹೆಸರನ್ನೇ ಇಟ್ಟುಕೊಂಡ: ಟೆನ್‌ಪೆನಿ.
ಮೂರಂಗುಲ. ಬಡಿದರೆ ಆಚೆಗೂ ಮೊನೆ ಕಾಣುವಂಥದು.

ಬಾಯಿ ತೆರೆದ.
ಒಂದೇ ನಿಮಿಷಕ್ಕೆ ಮೂವತ್ತೊಂದು ಸಲ ಒತ್ತಿದೆ.
ಊರಿಗೆ ಹೋದದ್ದು: 'ಮೇಯರು', 'ನಿಮ್ಮ', 'ಬೆಳಗಿನ ಜಾವ',
ಮತ್ತೊಂದು 'ಮೇಯರು'.
ಫೋನುಗಳು ಹೊತ್ತಿಕೊಂಡವು.
ಏನಂದ, ಏನಂದ, ಆ ಬೀಪಿನ ಹಿಂದೆ ಏನಂದ?
ಅಂದಿನಿಂದ ಜನ ಅವನ ಮಾತಿಗಿಂತ
ನನ್ನ ಬೀಪನ್ನೇ ಕಿವಿಗೊಟ್ಟು ಕೇಳಿದರು.

ಆಮೇಲೆ ಯಾರನ್ನೂ ಬಿಡಲಿಲ್ಲ.
ಕಾಣಿಕೆ ಡಬ್ಬಿಯಿಂದ ಕಾರು ಕೊಂಡ ಪಾದ್ರಿ,
ರಾತ್ರಿ ಪಾಳಿಯ ಪೊಲೀಸು, ಅಪ್ಪ,
ಅಪ್ಪನ ಬೆಲ್ಟು, ತಾನು.
ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೊದ್ದರಂತೆ;
ಒದ್ದರು. ತುಳ್ಸಾದಲ್ಲಿ ಒಂಬತ್ತು ದಿನ ಜೈಲು.
ಹೊರಗೆ ಬಂದವನೇ ಜೈಲಿನ ಗಂಜಿಗೂ ಪ್ರಾಸ ಕಟ್ಟಿದ.
ಹೆಂಗಸರ ಮೇಲೂ ಆಡಿದ, ಆಡಬಾರದ್ದು.
ಆಗ ಒತ್ತಿದ್ದು ಸಂಬಳಕ್ಕಲ್ಲ.
ಗುಂಡಿ ಮುರಿಯುವ ಹಾಗೆ ಒತ್ತಿದೆ.
ಗಾಜಿನಾಚೆಯಿಂದ ನೋಡಿದ, ತಲೆ ತಗ್ಗಿಸಲಿಲ್ಲ.
ನಾನೂ.

ಒಂದೇ ಒಂದು ಸಲ ಬೆರಳು ತಡೆಯಿತು.
ಹೀಟರು ಕೆಟ್ಟ ಬಾಡಿಗೆ ಮನೆ, ಒಲೆ ಹಚ್ಚಿ ಮಲಗಿದ ಮೂರು ಮಕ್ಕಳು.
ಮನೆ ಮಾಲೀಕನ ಹೆಸರು ಹೇಳಿ, ಬೆನ್ನಿಗೇ ಆ ಪದ ಹೇಳಿದ.
ಐದು ಸೆಕೆಂಡು, ಆರು.
ಆ ಮನುಷ್ಯನಿಗೆ ಬೇರೆ ಪದ ನನಗೂ ಹೊಳೆಯಲಿಲ್ಲ.
ಬಿಟ್ಟೆ.
ಎರಡು ವಾರದ ಸಂಬಳ ಕಡಿದರು.

ಅವನ ತಾಯಿ ಮಿಸ್ ಓಜೆಲ್ಲಾ. ಮಗನ ಡಿಸ್ಕು ಮನೆಗೆ ಬರಕೂಡದು,
ರೇಡಿಯೋ ಮಾತ್ರ.
ಕೂದಲಂಗಡಿಯಲ್ಲಿ ಪಕ್ಕದ ಕುರ್ಚಿಯಿಂದ ಕೇಳಿದಳು:
'ನನ್ನ ಡೆಲ್ರಾಯ್‌ಗೆ ಉಬ್ಬಸ ಕಣಮ್ಮಾ.
ಹಾಡುವಾಗ ಎದೆ ಸಿಳ್ಳೆ ಹೊಡೆಯುತ್ತೆ,
ನಡುನಡುವೆ, ಉದ್ದಕೆ. ನಿನಗೆ ಕೇಳಿಸಿಲ್ವಾ?'
ಕಣ್ಣಲ್ಲಿ ನಗೆ ಇತ್ತೋ, ನನಗೆ ಇಂದಿಗೂ ತಿಳಿಯದು.
ಮರುದಿನ ಸ್ಟೇಷನ್ನಿಗೆ ಒಂದು ಜಾಡಿ ಜೇನು ಬಂತು,
ಅವನ ಎದೆಗೆಂದು.
ನಾನು ಕೊಡಲಿಲ್ಲ. ಚಹಾಕ್ಕೆ ಹಾಕಿಕೊಂಡು ಮುಗಿಸಿದೆ.

ಅಟ್ಲಾಂಟಾದ ಕಂಪನಿ ಬಂತು, ಮನೆ ಬಂತು, ಮನೆ ಹೋಯಿತು.
ಅವನಿಗಿಂತ ಕೆಟ್ಟದ್ದು ಆಡುವ ಹುಡುಗರು ಬಂದರು,
ಏನನ್ನೂ ಹೇಳದೆ.
ಕಳೆದ ವರ್ಷ ಹಾಸಿಗೆ ಅಂಗಡಿಯ ಜಾಹೀರಾತಿಗೆ ಬಂದ.
ಕನ್ನಡಕ ಹಾಕಿಕೊಂಡು ಓದಿದ: 'ಬೆನ್ನಿಗೆ ನೆಮ್ಮದಿ,
ಕಂತಿನಲ್ಲಿ ಕೊಳ್ಳಿ.'
ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದೆ, ಅಭ್ಯಾಸ.
ಒಂದೂ ಬರಲಿಲ್ಲ.
ಹೋಗುವಾಗ ಮೆಟ್ಟಿಲಲ್ಲಿ ಕೆಮ್ಮಿದ. ನಿಜವಾದ ಕೆಮ್ಮು.

ಮೊನ್ನೆ ಶನಿವಾರ ಓಜೆಲ್ಲಾಳ ಮಣ್ಣು.
ಅದೇ ಪಾದ್ರಿ, ಅದೇ ಕಾರು, ಬಣ್ಣ ಬೇರೆ.
'ಮಗ ಎರಡು ಮಾತಾಡಲಿ' ಅಂದ, ನಡುಗುತ್ತ.
ಡೆಲ್ರಾಯ್ ಎದ್ದ. ಪೆಟ್ಟಿಗೆಯ ಹತ್ತಿರ ಹೋದ.
ಬಾಯಿ ತೆರೆದ.
ಹಿಂದಿನ ಬೆಂಚಿನಲ್ಲಿ ನನ್ನ ಬೆರಳು
ಮರವನ್ನು ಒತ್ತುತ್ತಿತ್ತು.
ಇಲ್ಲಿ ಏಳು ಸೆಕೆಂಡು ಯಾರೂ ಕೊಟ್ಟಿರಲಿಲ್ಲ.
ಮರ ಸದ್ದು ಮಾಡಲಿಲ್ಲ.
ಮಾತು ಹೋಯಿತು, ಇಡಿಯಾಗಿ,
ಚಾವಣಿಯಲ್ಲಿ ತಿರುಗುವ ಫ್ಯಾನಿನ ತನಕ.